ಬೋರ್ ಮಾಡಿಸಿದ ಮೇಲೂ ಆಯಿಲ್ ಯಾಕೆ ತಿನ್ನುತ್ತದೆ? ಹೆಡ್ ಬದಲಿಸಬೇಕೇ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಲಾರಿ ಇಂಜಿನ್ ಪೂರ್ತಿ ಕೆಲಸ ಮಾಡಿಸಿದ ಮೇಲೂ ಆಯಿಲ್ ನಿಲ್ಲುತ್ತಿಲ್ಲ ಎಂದು ದೂರಿ ಬರೆದವರೇ ಈ ಬಾರಿ ಹೆಚ್ಚು. ಪತ್ರಗಳಲ್ಲಿ ಬಹುಪಾಲು ಟಾಟಾ ಲಾರಿಗಳ ಕಮಿನ್ಸ್ 6ಬಿಟಿ ಇಂಜಿನ್ನಿನದೇ ಮಾತು. ಆದ್ದರಿಂದ ಕೆಳಗಿನ ಅಳತೆಗಳೆಲ್ಲ ಆರು ಸಿಲಿಂಡರಿನ, 12 ವಾಲ್ವಿನ, 5.9 ಲೀಟರ್ 6ಬಿಟಿಯವು. ಬೇರೆ ಇಂಜಿನ್ ಇರುವವರು ಪರೀಕ್ಷೆಯ ಕ್ರಮ ಇದನ್ನೇ ಅನುಸರಿಸಿ, ಅಳತೆಯನ್ನು ಮಾತ್ರ ಆಯಾ ಕಂಪನಿಯ ಪುಸ್ತಕದಿಂದ ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮದು 10 ಚಕ್ರದ ಲಾರಿ, 6ಬಿಟಿ ಇಂಜಿನ್. ಬ್ಲಾಕ್ ಬೋರ್ ಮಾಡಿಸಿ (ಸಿಲಿಂಡರಿನ ಸವೆದ ಒಳಗೋಡೆ ಕೊರೆಸಿ) 0.5 ಮಿ.ಮೀ. ಓವರ್‌ಸೈಜ್ ಪಿಸ್ಟನ್, ಹೊಸ ರಿಂಗ್, ಹೊಸ ಬೇರಿಂಗ್ ಹಾಕಿಸಿದ್ದೇವೆ. ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಹೆಡ್ ಹಳೆಯದೇ, ವಾಲ್ವ್ ಗ್ರೈಂಡಿಂಗ್ ಮಾತ್ರ ಆಗಿದೆ. 6,000 ಕಿ.ಮೀ. ಓಡಿದೆ. ಈಗ 250 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಬೇಕು. ಕಂಪ್ರೆಷನ್ ನೋಡಿದರೆ ಚೆನ್ನಾಗಿದೆ. ಹಾಗಾಗಿ ತಪ್ಪು ಹೆಡ್ಡಿನದೇ, ಅದನ್ನು ಬದಲಿಸಿ ಎನ್ನುತ್ತಾರೆ ಮೇಸ್ತ್ರಿ. ಏನು ಮಾಡಲಿ?
– ಲಾರಿ ಮಾಲೀಕರು, ಹೊಸಪೇಟೆ

ಉತ್ತರ: ಹೆಡ್ಡಿಗೆ ದುಡ್ಡು ಕೊಡುವುದನ್ನು ಸದ್ಯ ತಡೆಯಿರಿ. ಕಂಪ್ರೆಷನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ರಿಂಗ್ ಸರಿ ಇದೆ ಎಂದಾಗುವುದಿಲ್ಲ. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು ರಿಂಗ್, ಬೋರಿನ ಆಯಿಲ್ ಕೆರೆದು ಕೆಳಗಿಳಿಸುವುದು ಮೂರನೆಯದು, ಅಂದರೆ ಆಯಿಲ್ ರಿಂಗ್. ಆಯಿಲ್ ರಿಂಗ್ ಪೂರಾ ಜಾಮ್ ಆಗಿ ಕೂತಿದ್ದರೂ ಗೇಜಿನಲ್ಲಿ ಒಳ್ಳೆಯ ಕಂಪ್ರೆಷನ್ ಬರುತ್ತದೆ. ಬೋರಿನಲ್ಲಿ ಆಯಿಲ್ ಹೆಚ್ಚಾದಾಗ ಅದೇ ಸೀಲ್‌ನಂತಾಗಿ ಮುಳ್ಳು ಇನ್ನಷ್ಟು ಮೇಲೇರುವುದೂ ಉಂಟು.

ಮೊದಲು ಲೆಕ್ಕ ಸರಿಯಾಗಲಿ. ಸಮತಟ್ಟಾದ ಒಂದೇ ಜಾಗದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ 20 ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗೆರೆಗೆ ತುಂಬಿ, 1,000 ಕಿ.ಮೀ. ಓಡಿಸಿ, ಅದೇ ಜಾಗದಲ್ಲಿ ಅಷ್ಟೇ ಹೊತ್ತು ಬಿಟ್ಟು ಮತ್ತೆ ನೋಡಿ. ನಡುವೆ ಹಾಕಿದ ಆಯಿಲನ್ನು ಲೀಟರ್ ಡಬ್ಬಿಯಲ್ಲಿ ಅಳೆದು ಬರೆದಿಡಿ, ಡೀಸೆಲನ್ನೂ ಬರೆದಿಡಿ. ಲಾರಿ ಇಂಜಿನ್ನಿನ ಆಯಿಲ್ ಖರ್ಚನ್ನು ಕಿ.ಮೀ.ಗಿಂತ ಡೀಸೆಲಿಗೆ ಹೋಲಿಸಿ ನೋಡುವುದೇ ಸರಿಯಾದ ಪದ್ಧತಿ, ಏಕೆಂದರೆ ಲೋಡ್ ಬದಲಾದಂತೆ ಎರಡೂ ಬದಲಾಗುತ್ತವೆ. ಡೀಸೆಲಿನ ಶೇ 0.5ರ ಒಳಗಿದ್ದರೆ ಗಾಬರಿ ಬೇಡ. ನಿಮ್ಮ ಗಾಡಿ ಲೀಟರಿಗೆ 4 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಂಡರೆ 250 ಕಿ.ಮೀ.ಗೆ ಸುಮಾರು 62 ಲೀಟರ್ ಡೀಸೆಲ್, ಒಂದು ಲೀಟರ್ ಆಯಿಲ್. ಅಂದರೆ ಶೇ 1.6. ಇದು ಖಂಡಿತ ಹೆಚ್ಚು, ನಿಮ್ಮ ದೂರಿನಲ್ಲಿ ಸುಳ್ಳಿಲ್ಲ.

ಡಿಪ್‌ಸ್ಟಿಕ್ಕಿನ ಮೇಲೂ ಒಂದು ಅನುಮಾನ ಇಟ್ಟುಕೊಳ್ಳಿ. ಕೆಲಸದ ವೇಳೆ ಚೇಂಬರ್ (ಇಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿ) ಅಥವಾ ಡಿಪ್‌ಸ್ಟಿಕ್ ಬೇರೆ ಗಾಡಿಯದ್ದು ಸೇರಿದ್ದರೆ ಗೆರೆ ತಪ್ಪು ತೋರಿಸುತ್ತದೆ. ಆಗ ನೀವು ಹೆಚ್ಚು ತುಂಬುತ್ತೀರಿ, ಕ್ರ್ಯಾಂಕ್ ಅದನ್ನು ಎರಚುತ್ತದೆ, ಹೆಚ್ಚಾದದ್ದು ಇಂಜಿನ್ನಿನ ಒಳಗಿನ ಗ್ಯಾಸ್ ಹೊರಬಿಡುವ ಬ್ರೀದರಿನಲ್ಲೂ ಬೋರಿನಲ್ಲೂ ಹೋಗುತ್ತದೆ. ಮುಂದಿನ ಸಲ ಆಯಿಲ್ ಬದಲಿಸುವಾಗ ಪೂರ್ತಿ ಇಳಿಸಿ, ಪುಸ್ತಕ ಹೇಳುವಷ್ಟು ಲೀಟರ್ ಅಳೆದು ಹಾಕಿ, ಗಾಡಿ ಐದು ನಿಮಿಷ ಓಡಿಸಿ ನಿಲ್ಲಿಸಿ, ಮಟ್ಟ ಎಲ್ಲಿಗೆ ಬಂತು ನೋಡಿ. ಗೆರೆ ತಪ್ಪಿದ್ದರೆ ಅಲ್ಲೇ ಹೊಸ ಗುರುತು ಕೊರೆಯಿರಿ.

ಇನ್ನು ಆಯಿಲ್ ಹೋಗುವ ದಾರಿಗಳು. ಬಿಚ್ಚುವ ಮೊದಲು ಬಿಚ್ಚದೆ ನೋಡಬಹುದಾದದ್ದನ್ನೆಲ್ಲ ನೋಡಿ. ಹವಾ ಟ್ಯಾಂಕಿನ ಡ್ರೈನ್ ತೆರೆಯಿರಿ. ನೀರಿನ ಜೊತೆ ಕಪ್ಪು ಆಯಿಲ್ ಚೆನ್ನಾಗಿ ಬಂದರೆ ಬ್ರೇಕ್ ಕಂಪ್ರೆಸರಿನ ರಿಂಗ್ ಹೋಗಿದೆ. ಇಂಜಿನ್ನಿನ ಆಯಿಲೇ ಅದಕ್ಕೂ ಹೋಗುವುದರಿಂದ ಈ ನಷ್ಟ ಸೀದಾ ಡಿಪ್‌ಸ್ಟಿಕ್ಕಿನಲ್ಲಿ ಕಾಣುತ್ತದೆ, ಹೊಗೆ ಮಾತ್ರ ಒಂದಿಷ್ಟೂ ಬರುವುದಿಲ್ಲ. ಆಮೇಲೆ ಇಂಜಿನ್ನಿಗೆ ಹವೆ ಒತ್ತಿ ತುಂಬುವ ಟರ್ಬೊದಿಂದ ಇಂಟೇಕಿಗೆ ಹೋಗುವ ಪೈಪ್ ಬಿಚ್ಚಿ. ಒಳಗೆ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಸಹಜ, ಬೊಗಸೆಯಲ್ಲಿ ಬರುವಷ್ಟು ನಿಂತಿದ್ದರೆ ಟರ್ಬೊ ಸೀಲ್ ಬಿಡುತ್ತಿದೆ. ಟರ್ಬೊ ಬದಲಿಸುವ ಮೊದಲು ಅದರ ಕೆಳಗಿನ ಆಯಿಲ್ ರಿಟರ್ನ್ ಪೈಪ್ ನೋಡಿ. ಕೆಲಸ ಮಾಡಿದವರು ಗ್ಯಾಸ್ಕೆಟ್ಟಿನ ಜೊತೆ ಪೇಸ್ಟ್ ಬಳಿದಿದ್ದು, ಅದು ಒಳಕ್ಕೆ ಉಬ್ಬಿ ದಾರಿ ಕಟ್ಟಿದರೆ ಹೊಸ ಟರ್ಬೊ ಕೂಡ ಆಯಿಲ್ ಬಿಡುತ್ತದೆ. ಬ್ರೀದರ್ ಕಟ್ಟಿಕೊಂಡು ಚೇಂಬರಿನಲ್ಲಿ ಒತ್ತಡ ಏರಿದರೂ ರಿಟರ್ನ್ ಸರಿಯಾಗಿ ಇಳಿಯುವುದಿಲ್ಲ.

ಈಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ಆರೂ ಪೋರ್ಟ್ ನೋಡಿ. ನಾಲ್ಕು ಒಣಗಿ ಬೂದು ಬಣ್ಣಕ್ಕಿದ್ದು ಎರಡು ಮಾತ್ರ ಕಪ್ಪಗೆ ಹಸಿಯಾಗಿದ್ದರೆ ತೊಂದರೆ ಆ ಎರಡು ಸಿಲಿಂಡರಿನದು. ಆರೂ ಒಂದೇ ರೀತಿ ಹಸಿ ಇದ್ದರೆ ಟರ್ಬೊ, ಹೋನಿಂಗ್ (ಬೋರನ್ನು ಕಲ್ಲಿನಿಂದ ಉಜ್ಜಿ ಸಣ್ಣ ಗೆರೆ ಮೂಡಿಸುವ ಕೆಲಸ), ಧೂಳು, ಇಲ್ಲವೇ ಆಯಿಲ್ ಮಟ್ಟದಂಥ ಎಲ್ಲಕ್ಕೂ ತಟ್ಟುವ ಕಾರಣ ಹುಡುಕಿ.

ಹೆಡ್ಡೋ ರಿಂಗೋ ಎಂಬುದನ್ನು ತೀರ್ಮಾನಿಸುವುದು ಪಿಸ್ಟನ್ನಿನ ತಲೆ. ಹೆಡ್ ಎತ್ತಿದ ಕೂಡಲೇ, ಯಾರೂ ಬಟ್ಟೆ ಹಿಡಿದು ಒರೆಸುವ ಮೊದಲೇ, ಬ್ಯಾಟರಿ ಹಾಕಿ ನೋಡಿ. ಪಿಸ್ಟನ್ನಿನ ನಡುಭಾಗ ಕಾರ್ಬನ್ ಹಿಡಿದು ಕಪ್ಪಗಿದ್ದು, ಅಂಚಿನಲ್ಲಿ ಸುತ್ತ ಒಂದು ಬಳೆಯಷ್ಟು ಜಾಗ ತೊಳೆದ ಹಾಗೆ ಲೋಹ ಹೊಳೆಯುತ್ತಿದ್ದರೆ ಆಯಿಲ್ ಕೆಳಗಿನಿಂದ, ರಿಂಗ್ ದಾಟಿ ಬರುತ್ತಿದೆ. ಅಂಚು ಒಣ ಕಾರ್ಬನ್ನಿನಿಂದ ಕೂಡಿದ್ದು, ಇಂಟೇಕ್ ವಾಲ್ವಿನ ಹಿಂಭಾಗದಲ್ಲಿ, ಕಾಂಡ ತಲೆಗೆ ಕೂಡುವಲ್ಲಿ ದಪ್ಪನೆಯ ಮೆತ್ತಗಿನ ಕಾರ್ಬನ್ ಗಡ್ಡೆ ಕಟ್ಟಿದ್ದರೆ ಆಗ ತಪ್ಪು ಗೈಡಿನದು (ಹೆಡ್ಡಿನಲ್ಲಿ ವಾಲ್ವ್ ಕಾಂಡ ಜಾರುವ ಕೊಳವೆ) ಅಥವಾ ವಾಲ್ವ್ ಸೀಲಿನದು. ಮೇಸ್ತ್ರಿಯ ಮಾತನ್ನು ಒಪ್ಪಬೇಕಾದದ್ದು ಈ ಎರಡನೆಯ ಸಂದರ್ಭದಲ್ಲಿ ಮಾತ್ರ.

ಹೊಸದಾಗಿ ಬೋರ್ ಮಾಡಿದ ಇಂಜಿನ್ 6,000 ಕಿ.ಮೀ.ನಲ್ಲೇ ಇಷ್ಟು ಆಯಿಲ್ ತಿನ್ನುತ್ತಿದ್ದರೆ ನಮ್ಮ ಮೊದಲ ಅನುಮಾನ ಹೋನಿಂಗ್ ಮತ್ತು ತೊಳೆತದ ಮೇಲೆ. 6ಬಿಟಿಗೆ ಲೈನರ್ ಇಲ್ಲ, ಬ್ಲಾಕಿನಲ್ಲೇ ಬೋರ್. ಬೋರಿಂಗ್ ಟೂಲ್ ಬಿಟ್ಟ ಒರಟನ್ನು ತೆಗೆಯಲು ಕೊನೆಯ 0.05ರಿಂದ 0.08 ಮಿ.ಮೀ.ಯನ್ನು ಹೋನಿಂಗಿಗೆ ಉಳಿಸಬೇಕು. ಕೆಲವು ಕಡೆ ಟೂಲಿನಲ್ಲೇ ಪೂರ್ತಿ ಸೈಜಿಗೆ ತಂದು, ಹೋನನ್ನು ಹೆಸರಿಗೆ ಎರಡು ಸಲ ಆಡಿಸಿ ಕೊಡುತ್ತಾರೆ. ಆಗ ಗೆರೆಗಳು ಅಡ್ಡಡ್ಡ ಚಪ್ಪಟೆಯಾಗಿ ಕೂರುತ್ತವೆ, ಆಯಿಲ್ ನಿಲ್ಲುವ ಸರಿಯಾದ ಬಲೆ ಮೂಡುವುದೇ ಇಲ್ಲ. ಗೆರೆಗಳು ಒಂದನ್ನೊಂದು ಸುಮಾರು 45 ಡಿಗ್ರಿಯಲ್ಲಿ ಕತ್ತರಿಸುತ್ತಿರಬೇಕು.

ಹೋನಿಂಗ್ ಆದ ಮೇಲೆ ಬೋರನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಒರೆಸಿದರೆ ಕಲ್ಲಿನ ಪುಡಿ ಹೋಗುವುದಿಲ್ಲ, ಗೆರೆಗಳೊಳಗೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಬಿಸಿ ನೀರು, ಬಟ್ಟೆ ಸೋಪು, ಗಟ್ಟಿ ಬ್ರಷ್ ಹಿಡಿದು ಉಜ್ಜಬೇಕು. ಒಣಗಿಸಿ, ಆಯಿಲ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಬೂದು ಬಣ್ಣ ಹತ್ತಿದರೆ ಮತ್ತೆ ತೊಳೆಯಿರಿ. ಬಟ್ಟೆ ಬಿಳಿಯಾಗಿಯೇ ಬರುವತನಕ ಬಿಡಬೇಡಿ. ಬೋರಿನಲ್ಲಿ ಉಳಿದ ಪುಡಿ ಮೊದಲ ಕೆಲವೇ ಗಂಟೆಗಳಲ್ಲಿ ರಿಂಗಿನ ಮುಖ ತಿಂದುಬಿಡುತ್ತದೆ, ಸಾವಿರಾರು ರೂಪಾಯಿಯ ಕೆಲಸ ಒಂದು ಸೋಪಿನ ಬಿಲ್ಲೆಗಾಗಿ ಹಾಳಾಗುತ್ತದೆ.

ಅಳತೆಗೆ ಬಂದರೆ, ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಉದ್ದಕ್ಕೆ ಮತ್ತು ಅಡ್ಡಕ್ಕೆ ನೋಡಿ. ಓವಲ್ (ಉದ್ದ-ಅಡ್ಡ ಅಳತೆಗಳ ವ್ಯತ್ಯಾಸ) 0.038 ಮಿ.ಮೀ. ಮೀರಬಾರದು, ಟೇಪರ್ (ಮೇಲೆ-ಕೆಳಗಿನ ಅಳತೆಗಳ ವ್ಯತ್ಯಾಸ) 0.076 ಮಿ.ಮೀ. ಮೀರಬಾರದು. ಬೋರ್ ಗೇಜ್ ಇಲ್ಲದ ಕಡೆ ಹೀಗೆ ಮಾಡಿ: ಒಂದು ಹೊಸ ರಿಂಗನ್ನು ಪಿಸ್ಟನ್ನಿನಿಂದ ನೇರ ತಳ್ಳಿ, ಬೋರಿನ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಫೀಲರ್ ಗೇಜಿನಿಂದ ಗ್ಯಾಪ್ ಅಳೆಯಿರಿ. ಬೋರಿನ ವ್ಯಾಸ 0.1 ಮಿ.ಮೀ. ಹೆಚ್ಚಿದರೆ ಗ್ಯಾಪ್ ಸುಮಾರು 0.3 ಮಿ.ಮೀ. ಹೆಚ್ಚುತ್ತದೆ. ಮೇಲಕ್ಕೂ ಕೆಳಕ್ಕೂ ಗ್ಯಾಪಿನ ವ್ಯತ್ಯಾಸ 0.24 ಮಿ.ಮೀ. ದಾಟಿದರೆ ಟೇಪರ್ ಮಿತಿ ಮೀರಿದೆ ಎಂದೇ ಅರ್ಥ. ಮೊದಲ ರಿಂಗಿನ ಗ್ಯಾಪ್ 0.40ರಿಂದ 0.70, ಎರಡನೆಯದು ಮತ್ತು ಆಯಿಲ್ ರಿಂಗಿನದು 0.25ರಿಂದ 0.55 ಮಿ.ಮೀ. ಇರಬೇಕು.

ಕೂರಿಸುವಾಗಿನ ತಪ್ಪುಗಳೂ ಇದೇ ತೊಂದರೆ ಕೊಡುತ್ತವೆ. ಎರಡನೆಯ ರಿಂಗಿನ ಮುಖ ಇಳಿಜಾರಾಗಿರುತ್ತದೆ. ಅದರ ಗುರುತು ಮೇಲಕ್ಕೆ ಬರುವಂತೆ ಹಾಕದಿದ್ದರೆ ಆಯಿಲನ್ನು ಕೆಳಗೆ ಕೆರೆಯುವ ಬದಲು ಮೇಲೆ ಎಳೆಯುತ್ತದೆ. ಆಯಿಲ್ ರಿಂಗಿನೊಳಗಿನ ಸ್ಪ್ರಿಂಗಿನ ಜೋಡಣೆ ರಿಂಗಿನ ಗ್ಯಾಪಿಗೆ ನೇರ ಎದುರು ಬದಿಯಲ್ಲಿರಬೇಕು. ಮೂರು ರಿಂಗಿನ ಗ್ಯಾಪುಗಳನ್ನು 120 ಡಿಗ್ರಿ ಅಂತರದಲ್ಲಿ ಇಡಿ.

ಹೊಸಪೇಟೆಯವರಾದ್ದರಿಂದ ಧೂಳಿನ ಮಾತು ಬಿಡುವ ಹಾಗಿಲ್ಲ. ಅದಿರಿನ ಕೆಂಪು ಧೂಳು ರಬ್ಬರ್ ಹೋಸಿನ ಒಂದು ಸಡಿಲ ಕ್ಲಿಪ್ಪಿನಿಂದ ಒಳಗೆ ಹೋದರೂ ಹೊಸ ರಿಂಗ್ ಉಳಿಯುವುದಿಲ್ಲ. ಏರ್ ಫಿಲ್ಟರ್ ಆದ ಮೇಲಿನ ಹೋಸ್ ಬಿಚ್ಚಿ ಒಳಗೆ ಬಿಳಿ ಬಟ್ಟೆ ಆಡಿಸಿ. ಕೆಂಪು ಹತ್ತಿದರೆ ಕಾರಣ ಸಿಕ್ಕಂತೆ. ಟರ್ಬೊದ ಕಂಪ್ರೆಸರ್ ರೆಕ್ಕೆಗಳ ಅಂಚು ತಿಂದುಹೋಗಿದ್ದರೆ ಧೂಳು ಬಹಳ ದಿನದಿಂದ ಹೋಗುತ್ತಿದೆ. ಹೋಸ್ ದುರಸ್ತಿ ಮಾಡದೆ ರಿಂಗ್ ಹಾಕಿಸಬೇಡಿ. ಫಿಲ್ಟರಿಗೆ ಹವಾ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, 2 ಬಾರ್ ಒಳಗೆ. ಪಂಕ್ಚರ್ ಅಂಗಡಿಯ ಪೂರ್ತಿ ಒತ್ತಡದಲ್ಲಿ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ.

ಪ್ರಶ್ನೆ: ನಮ್ಮ 6ಬಿಟಿ ಹೆಡ್ಡಿನಲ್ಲಿ ಗೈಡ್ ಸವೆದಿದೆ ಎಂದು ಖಚಿತವಾಗಿದೆ. ಹೊಸ ಹೆಡ್, ರಿಪೇರಿ ಮಾಡಿದ ಹೆಡ್, ಗುಜರಿ ಹೆಡ್ – ಮೂರರಲ್ಲಿ ಯಾವುದು?
– ಗ್ಯಾರೇಜ್ ನಡೆಸುವವರು, ಹುಬ್ಬಳ್ಳಿ

ಉತ್ತರ: ನಿಮ್ಮ ಸ್ವಂತ ಹೆಡ್ಡಿನಲ್ಲಿ ಸೀಳು ಇಲ್ಲದಿದ್ದರೆ ಅದನ್ನೇ ಸರಿಮಾಡಿಸಿ. ಅದು ಎಷ್ಟು ಸಲ ಬಿಸಿಯಾಗಿದೆ, ಎಷ್ಟು ಸಲ ಮುಖ ಕೆರೆಸಿದೆ ಎಂಬುದು ನಿಮಗೆ ಗೊತ್ತು. ಗುಜರಿಯದರ ಚರಿತ್ರೆ ಯಾರಿಗೂ ಗೊತ್ತಿಲ್ಲ.

ವಾಲ್ವ್ ಕಾಂಡದ ಅಳತೆ 7.94ರಿಂದ 7.98 ಮಿ.ಮೀ. ಗೈಡಿನ ಒಳಅಳತೆ 8.019ರಿಂದ ಶುರು, 8.090 ಅದರ ಕೊನೆ. ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಅಳೆಯಿರಿ, ಏಕೆಂದರೆ ಗೈಡ್ ಸವೆಯುವುದು ಎರಡು ತುದಿಯಲ್ಲಿ ಗಂಟೆಯ ಬಾಯಿಯಂತೆ. ನಡುವೆ ಮಾತ್ರ ಅಳೆದರೆ ಹೊಸದರಂತೆಯೇ ಕಾಣುತ್ತದೆ. ಈ ಹೆಡ್ಡುಗಳಲ್ಲಿ ಗೈಡ್ ಎರಕದಲ್ಲೇ ಸೇರಿರುವುದೂ ಉಂಟು. ಅಂಥದ್ದನ್ನು ದೊಡ್ಡದು ಮಾಡಿ ಹೊಸ ಗೈಡ್ ಒತ್ತಿ ರೀಮರ್ ಹಾಕಬೇಕಾಗುತ್ತದೆ. ಗೈಡ್ ಹಾಕಿದ ಮೇಲೆ ವಾಲ್ವ್ ತಲೆ ಕೂರುವ ಸೀಟನ್ನು ಮತ್ತೆ ಕಟ್ ಮಾಡಲೇಬೇಕು, ಏಕೆಂದರೆ ಗೈಡಿನ ನಡುಗೆರೆ ಕೂದಲೆಳೆಯಷ್ಟು ಸರಿದರೂ ವಾಲ್ವ್ ಒಂದು ಬದಿಗೆ ಕೂರುತ್ತದೆ. ಮೊದಲು ಸೀಟ್ ಕಟ್ ಮಾಡಿ ಆಮೇಲೆ ಗೈಡ್ ಬದಲಿಸುವ ಅಂಗಡಿಗೆ ಹೆಡ್ ಕೊಡಬೇಡಿ. ಕೊನೆಗೆ ವಾಲ್ವ್ ತಲೆ ಹೆಡ್ಡಿನ ಮುಖದಿಂದ 0.99ರಿಂದ 1.52 ಮಿ.ಮೀ. ಒಳಗಿರಬೇಕು. ಅದಕ್ಕಿಂತ ಒಳಗೆ ಹೋಗಿದ್ದರೆ ಸೀಟ್ ಇನ್ಸರ್ಟ್ ಹಾಕಿಸಿ, ಇಲ್ಲದಿದ್ದರೆ ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗುತ್ತದೆ.

ಮುಖ ಕೆರೆಸುವುದಕ್ಕೆ ಒಟ್ಟು ಮಿತಿ 1 ಮಿ.ಮೀ. ಹೊಸ ಹೆಡ್ಡಿನ ದಪ್ಪ ಸುಮಾರು 95 ಮಿ.ಮೀ. ಹಾಗಾಗಿ ಬೇರೆ ಹೆಡ್ ಕೊಳ್ಳುವಾಗ ವರ್ನಿಯರ್ ಜೇಬಿನಲ್ಲಿರಲಿ. ನಾಲ್ಕು ಮೂಲೆ ಅಳೆದಾಗ 94ಕ್ಕೆ ಹತ್ತಿರ ಬಂದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಬಿಡಿ. ಪ್ರೆಷರ್ ಟೆಸ್ಟ್ ಇಲ್ಲದೆ ಯಾವ ಹಳೆಯ ಹೆಡ್ಡನ್ನೂ ತರಬೇಡಿ. ನೀರಿನ ದಾರಿಗಳನ್ನೆಲ್ಲ ಮುಚ್ಚಿ, 60 ಡಿಗ್ರಿ ಬಿಸಿ ನೀರಿನಲ್ಲಿ ಮುಳುಗಿಸಿ, 3 ಬಾರಿಗೆ ಸ್ವಲ್ಪ ಕಡಿಮೆ ಹವಾ ಕೊಟ್ಟು ಕಾಲು ಗಂಟೆ ನೋಡಬೇಕು. ತಣ್ಣೀರಿನಲ್ಲಿ ಮುಚ್ಚಿಕೊಂಡಿರುವ ಸೀಳು ಬಿಸಿಯಲ್ಲಿ ಬಾಯಿ ಬಿಡುತ್ತದೆ. ಸೀಳು ಹೆಚ್ಚಾಗಿ ಬರುವ ಜಾಗ ನಾಜಲ್ ತೂತು ಮತ್ತು ವಾಲ್ವ್ ಸೀಟಿನ ನಡುವಣ ಸೇತುವೆ.

ನಾಜಲ್ ತೂತನ್ನೂ ಅಳೆಯಿರಿ. 12 ವಾಲ್ವಿನ ಹೆಡ್ಡುಗಳಲ್ಲಿ 7 ಮಿ.ಮೀ. ಮತ್ತು 9 ಮಿ.ಮೀ. ಇಂಜೆಕ್ಟರಿನ ಎರಡು ಬಗೆ ಇವೆ, ನಿಮ್ಮ ಇಂಜೆಕ್ಟರ್ ಯಾವುದೆಂದು ನೋಡಿಯೇ ಹೋಗಿ. ಮುಂದೆ ಬಂದ 24 ವಾಲ್ವಿನ ಹೆಡ್ ಇದಕ್ಕೆ ಕೂರುವುದೇ ಇಲ್ಲ. ಹೊಸ ಹೆಡ್ ಕೊಳ್ಳುವವರು ವಾಲ್ವ್ ಇಲ್ಲದ ಬರೀ ಹೆಡ್ ಬದಲು ಜೋಡಿಸಿದ ಹೆಡ್ ಕೊಂಡರೆ ಸ್ವಲ್ಪ ದುಬಾರಿಯಾದರೂ ನಮ್ಮ ಲೆಕ್ಕದಲ್ಲಿ ಲಾಭ. ಹೊಸ ಗೈಡಿಗೆ ಹಳೆಯ ವಾಲ್ವ್ ಹಾಕಿದರೆ ಅರ್ಧ ಪ್ರಯೋಜನ ಅಲ್ಲೇ ಹೋಗುತ್ತದೆ.

ಕೂರಿಸುವಾಗ 26 ಬೋಲ್ಟಿನ ಎಳೆಗೂ ಇಂಜಿನ್ ಆಯಿಲ್ ಹಚ್ಚಿ. ನಡುವಿನಿಂದ ಹೊರಕ್ಕೆ ಸುತ್ತುತ್ತ ಎಲ್ಲವನ್ನೂ 90 ನ್ಯೂಟನ್ ಮೀಟರ್, ಆಮೇಲೆ ಉದ್ದನೆಯವನ್ನು ಮಾತ್ರ 120, ಕೊನೆಗೆ ಎಲ್ಲಕ್ಕೂ ಪೇಂಟ್ ಗುರುತು ಹಾಕಿ ಇನ್ನೂ 90 ಡಿಗ್ರಿ. ಟ್ಯಾಪೆಟ್ (ವಾಲ್ವ್ ತುದಿಯ ಗ್ಯಾಪ್) ಇಂಜಿನ್ ತಣ್ಣಗಿರುವಾಗ ಇಂಟೇಕ್ 0.25, ಎಕ್ಸಾಸ್ಟ್ 0.51 ಮಿ.ಮೀ.

ಪ್ರಶ್ನೆ: ಶಿರಾಡಿ ಘಾಟ್ ಇಳಿದು ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ನೀಲಿ ಹೊಗೆ ಬಂದು ಒಂದೆರಡು ನಿಮಿಷಕ್ಕೆ ನಿಲ್ಲುತ್ತದೆ. ಏರುವಾಗ ಹೊಗೆ ಇಲ್ಲ. ಹೆಡ್ ಇಳಿಸದೆ ಸರಿಮಾಡಬಹುದೇ?
– ಚಾಲಕರು, ಸಕಲೇಶಪುರ

ಉತ್ತರ: ಏರುವಾಗ ಸಿಲಿಂಡರಿನಲ್ಲಿ ಒತ್ತಡ ಹೆಚ್ಚು, ಟರ್ಬೊದ ಹವೆಯೂ ಹೆಚ್ಚು. ರಿಂಗ್ ಹೋಗಿದ್ದರೆ ಹೊಗೆ ಆಗಲೇ ಬರಬೇಕಿತ್ತು. ಇಳಿಯುವಾಗ ಟರ್ಬೊದ ಹವೆ ಇಲ್ಲ, ಗೈಡಿನ ಮೂಲಕ ಜಾರಿದ ಆಯಿಲ್ ಉರಿಯದೆ ಪೋರ್ಟಿನಲ್ಲಿ ಸೇರುತ್ತದೆ, ಟರ್ಬೊ ಸೀಲ್ ಕೂಡ ಆಗಲೇ ಬಿಡುವುದು. ಮೊದಲು ಮೇಲೆ ಹೇಳಿದಂತೆ ಟರ್ಬೊ ಪೈಪ್ ನೋಡಿ. ಅದು ಒಣಗಿದ್ದರೆ ವಾಲ್ವ್ ಸೀಲ್ ಬದಲಿಸಿ ನೋಡಬಹುದು, ಅದಕ್ಕೆ ಹೆಡ್ ಇಳಿಸಬೇಕಾಗಿಲ್ಲ.

ಸೀಲ್ ಬದಲಿಸುವ ಸಿಲಿಂಡರಿನ ಪಿಸ್ಟನ್ ಪೂರ್ತಿ ಮೇಲಿರಬೇಕು. ಆಗ ಸ್ಪ್ರಿಂಗ್ ತೆಗೆದರೂ ವಾಲ್ವ್ ಪಿಸ್ಟನ್ನಿನ ಮೇಲೆ ನಿಲ್ಲುತ್ತದೆ, ಒಳಗೆ ಬೀಳುವುದಿಲ್ಲ. 1 ಮತ್ತು 6 ಒಟ್ಟಿಗೆ ಮೇಲೆ ಬರುತ್ತವೆ, ಹಾಗೆಯೇ 2 ಮತ್ತು 5, 3 ಮತ್ತು 4. ಆದ್ದರಿಂದ ಮೂರು ಸಲ ತಿರುಗಿಸಿದರೆ ಕೆಲಸ ಮುಗಿಯುತ್ತದೆ. ಒಂದನೇ ಸಿಲಿಂಡರ್ ಗುರುತಿಸಲು ಗೇರ್ ಕೇಸಿನ ಹಿಂದೆ ಟೈಮಿಂಗ್ ಪಿನ್ ಇದೆ. ಅದು ಪ್ಲಾಸ್ಟಿಕ್ಕಿನದು, ಗೇರಿನೊಳಗೆ ಕೂತಿರುವಾಗ ಇಂಜಿನ್ ತಿರುಗಿಸಿದರೆ ಮುರಿಯುತ್ತದೆ. ಸ್ಥಾನ ಸಿಕ್ಕ ಕೂಡಲೇ ಹೊರಕ್ಕೆಳೆದು ಆಮೇಲೆ ಮುಂದುವರಿಯಿರಿ. ಸ್ಪ್ರಿಂಗ್ ತೆಗೆದಾಗ ವಾಲ್ವ್ ತುದಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಲಟಲಟ ಆಡುತ್ತಿದ್ದರೆ ಹೊಸ ಸೀಲ್ ಹೆಚ್ಚು ದಿನ ಬಾಳುವುದಿಲ್ಲ, ಆಗ ಗೈಡಿನ ಕೆಲಸಕ್ಕೆ ಹೆಡ್ ಇಳಿಸಲೇಬೇಕು.

ಪ್ರಶ್ನೆ: 15ಡಬ್ಲ್ಯು–40 ಬದಲು ಅದಕ್ಕಿಂತ ಮಂದವಾದ 20ಡಬ್ಲ್ಯು–50 ಹಾಕಿದರೆ ಆಯಿಲ್ ಖರ್ಚು ನಿಲ್ಲುತ್ತದೆಯೇ?
– ಟಿಪ್ಪರ್ ಮಾಲೀಕರು, ಚಿತ್ರದುರ್ಗ

ಉತ್ತರ: ಸ್ವಲ್ಪ ಕಡಿಮೆಯಾದಂತೆ ಕಾಣುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಹೊಸದಾಗಿ ಕಟ್ಟಿದ ಇಂಜಿನ್ನಿಗೆ ಬೇಡವೇ ಬೇಡ. ಸಿಎಚ್–4 ಅಥವಾ ಸಿಐ–4 ದರ್ಜೆಯ 15ಡಬ್ಲ್ಯು–40 ಇರಲಿ. ರಿಂಗ್ ಕೂರಲಿ ಎಂದು ಇಂಟೇಕಿಗೆ ಪಾತ್ರೆ ಉಜ್ಜುವ ಪುಡಿ ಹಾಕುವ ಪದ್ಧತಿ ಕೆಲವೆಡೆ ಇದೆ. ದಯವಿಟ್ಟು ಮಾಡಬೇಡಿ. ಅದು ರಿಂಗಿನ ಜೊತೆ ಬೇರಿಂಗನ್ನೂ ಟರ್ಬೊವನ್ನೂ ತಿನ್ನುತ್ತದೆ.

ಪ್ರಶ್ನೆ: ಇಂಜಿನ್ ಕಟ್ಟಿ ಮುಗಿದಿದೆ. ರಿಂಗ್ ಕೂರಲು ಎರಡು ದಿನ ಸ್ಲೋನಲ್ಲಿ (ನಿಂತಲ್ಲೇ, ಆಕ್ಸಿಲರೇಟರ್ ಒತ್ತದೆ) ಬಿಡಿ ಎನ್ನುತ್ತಾರೆ. ಸರಿಯೇ?
– ಓದುಗರು, ತುಮಕೂರು

ಉತ್ತರ: ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ರಿಂಗನ್ನು ಬೋರಿಗೆ ಒತ್ತುವುದು ಅದರ ಹಿಂದೆ ನುಗ್ಗುವ ಗ್ಯಾಸಿನ ಒತ್ತಡ. ಸ್ಲೋನಲ್ಲಿ ಆ ಒತ್ತಡವೇ ಇಲ್ಲ. ಆಯಿಲ್ ಬೋರಿನಲ್ಲಿ ಅರೆಬೆಂದು ವಾರ್ನಿಷ್ ಕಟ್ಟುತ್ತದೆ, ಹೋನಿಂಗ್ ಗೆರೆ ಮುಚ್ಚಿ ಬೋರ್ ಗಾಜಿನಂತೆ ನುಣುಪಾಗುತ್ತದೆ. ಹಾಗಾದ ಮೇಲೆ ಮತ್ತೆ ಬಿಚ್ಚಿ ಹೋನ್ ಮಾಡಿ ಹೊಸ ರಿಂಗ್ ಹಾಕುವುದೊಂದೇ ದಾರಿ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಫಿಲ್ಟರ್ ತುಂಬಿ ಹಾಕಿ, ಟರ್ಬೊದ ಮೇಲಿನ ತೂತಿಗೂ ಆಯಿಲ್ ಬಿಡಿ. ಆಯಿಲ್ ಪ್ರೆಷರ್ ಬಂದದ್ದು ಖಚಿತವಾದ ಮೇಲೆ 1,000 ಆರ್‌ಪಿಎಂ ಹತ್ತಿರ ಐದಾರು ನಿಮಿಷ ಬಿಟ್ಟು ಲೀಕ್ ನೋಡಿ, ನೀರು ಬಿಸಿಯಾದ ಕೂಡಲೇ ರಸ್ತೆಗೆ ಇಳಿಸಿ. ಮೊದಲ ದಿನವೇ ಅರ್ಧದಿಂದ ಮುಕ್ಕಾಲು ಲೋಡ್ ಇರಲಿ. ಮೇಲಿನ ಗೇರಿನಲ್ಲಿ ಎಳೆಯಲಾರದೆ ಒದ್ದಾಡುವಂತೆ ಓಡಿಸಬೇಡಿ. ಗಟ್ಟಿಯಾಗಿ ಎಳೆದು, ಕಾಲು ಬಿಟ್ಟು ಇಳಿಯಲು ಬಿಟ್ಟು, ಮತ್ತೆ ಎಳೆಯಿರಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಬೇಡಿ. ನಿಂತಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಸ್ಲೋ ಬೇಡ, ಲೋಡಿಂಗ್ ಸರದಿಯಲ್ಲಿದ್ದರೆ ಆಫ್ ಮಾಡಿ. 1,000 ಕಿ.ಮೀ.ಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಕಪ್ಪು ಮಸಿ ಇದ್ದರೆ ಚಿಂತೆಯಿಲ್ಲ, ತಾಮ್ರದ ಬಣ್ಣದ ಚೂರು ಹೊಳೆದರೆ ಲೋಡ್ ಹಾಕದೆ ಬೇರಿಂಗ್ ನೋಡಿಸಿ.